ಹಳೇ ಹೊಂಡಾ ಸಿಟಿ ಆಟೋಮ್ಯಾಟಿಕ್: ಗೇರ್‌ಬಾಕ್ಸ್ ಬಿಚ್ಚಿಸೋಕೆ ಮುಂಚೆ ಇಷ್ಟು ನೋಡಿ

ನಮಸ್ಕಾರ ಸರ್. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. 2010ರ ಹೊಂಡಾ ಸಿಟಿ, ಐದು ಗೇರಿನ ಆಟೋಮ್ಯಾಟಿಕ್, ಮೀಟರಲ್ಲಿ 94 ಸಾವಿರ, ನಿಮ್ಮ ಕೈಗೆ ಬಂದು ಆರು ತಿಂಗಳು. ಬೆಳಿಗ್ಗೆ 'ಡಿ'ಗೆ ಹಾಕಿದರೆ ಎರಡು ಸೆಕೆಂಡು ಸುಮ್ಮನಿದ್ದು ಆಮೇಲೆ ಧಡ್ ಅಂತ ಹಿಡಿಯುತ್ತೆ. 60ರ ಆಸುಪಾಸಲ್ಲಿ ಸಾಲು ಹಂಪ್ಸ್ ಮೇಲೆ ಹೋದ ಹಾಗೆ ನಡುಗುತ್ತೆ. ಶಿರಾಡಿ ಹತ್ತುವಾಗ ಎರಡು ಸಲ ಇಂಜಿನ್ ಕೂಗಿತು, ಗಾಡಿ ಎಳೀಲಿಲ್ಲ. ಗ್ಯಾರೇಜಿನವರು ಸ್ಕ್ಯಾನರ್ ಕೂಡ ಹಾಕದೆ "ಬಾಕ್ಸ್ ಹೋಗಿದೆ, ಇಳಿಸಬೇಕು" ಅಂದರು.

ಸದ್ಯಕ್ಕೆ ಇಳಿಸೋಕೆ ಒಪ್ಪಬೇಡಿ. ಹೋಗಿರಲೂಬಹುದು, ನಾನು ಇಲ್ಲ ಅನ್ನಲ್ಲ. ಆದರೆ ನೀವು ಹೇಳಿದ ಮೂರೂ ತೊಂದರೆಗೆ ಬಾಕ್ಸ್ ಹೊರಗೇ ನೋಡಬೇಕಾದ ಕಾರಣಗಳು ಸುಮಾರಿವೆ. ಇಳಿಸಿದ ಮೇಲೆ ಅದನ್ನೆಲ್ಲ ಯಾರೂ ನೋಡಲ್ಲ.

ಮೊದಲು ಒಂದು ಗೊಂದಲ ಬಗೆಹರಿಸ್ತೀನಿ. ಮೇಲೆ ಒಬ್ಬರು "ಕ್ಲಚ್ ಆಕ್ಚುವೇಟರ್ ಬದಲಿಸಿ" ಅಂದಿದ್ದಾರೆ. ಅದು ಎಎಂಟಿ, ಅಂದರೆ ಮ್ಯಾನುಯಲ್ ಗೇರ್‌ಬಾಕ್ಸಿನ ಕ್ಲಚ್ಚು, ಗೇರು ಎರಡನ್ನೂ ಯಂತ್ರವೇ ನೋಡಿಕೊಳ್ಳೋ ಗಾಡಿಗಳ ಮಾತು, 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿ ಬಂದದ್ದು. ಇನ್ನೊಬ್ಬರು ಸಿವಿಟಿ (ಗೇರಿನ ಬದಲು ಬೆಲ್ಟು, ಪುಲ್ಲಿ ಇರೋ ಆಟೋಮ್ಯಾಟಿಕ್) ಆಯಿಲ್ ಹಾಕಿ ಅಂದಿದ್ದಾರೆ. ಸಿಟಿಯಲ್ಲಿ ನಿಮ್ಮ ಮಾಡೆಲಿಗೆ ಹಿಂದಿನದರಲ್ಲೂ ಸಿವಿಟಿ ಇತ್ತು, 2014ರ ಮಾಡೆಲಿನಲ್ಲೂ ಸಿವಿಟಿ ಬಂತು. ನಡುವೆ ಇರೋ ನಿಮ್ಮದು ಮಾತ್ರ ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ನಿನ ಬಲವನ್ನ ಆಯಿಲ್ ಮೂಲಕ ಗೇರಿಗೆ ದಾಟಿಸೋ ಥರದ್ದು. ಇದಕ್ಕೆ ಸಿವಿಟಿ ಆಯಿಲ್ ಹಾಕಿದರೆ ಬಾಕ್ಸ್ ಒಳಗಿರೋ ಕ್ಲಚ್ಚೂ ಹಾಳು. ನಿಮಗೆ ಬೇಕಾದ್ದು ಹೊಂಡಾ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಡಿಡಬ್ಲ್ಯೂ-1. ಹಳೇ ಕೈಪಿಡಿಯಲ್ಲಿ ಝಡ್-1 ಅಂತ ಇರುತ್ತೆ, ಅದರ ಜಾಗಕ್ಕೆ ಬಂದದ್ದೇ ಇದು.

ಈಗ ಡಿಪ್‌ಸ್ಟಿಕ್, ಗೇರ್‌ಬಾಕ್ಸ್ ಆಯಿಲ್ ಅಳೆಯೋ ಕಡ್ಡಿ. ನೀವು ಹಾಕಿದ ಫೋಟೋದಲ್ಲಿ ಆಯಿಲ್ ಮೇಲಿನ ಗೆರೆ ದಾಟಿದೆ. ಇಂಜಿನ್ ಓಡ್ತಾ ಇರುವಾಗ ನೋಡಿದ್ರಾ, ಆಫ್ ಮಾಡಿ ನೋಡಿದ್ರಾ? ಬೇರೆ ತುಂಬಾ ಗಾಡಿಗಳಲ್ಲಿ ಇಂಜಿನ್ ಓಡುವಾಗ ನೋಡ್ತಾರೆ, ಹೊಂಡಾದಲ್ಲಿ ಹಾಗಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ರೇಡಿಯೇಟರ್ ಫ್ಯಾನ್ ತಿರುಗೋವರೆಗೆ ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ. ಒಂದು ನಿಮಿಷ ಬಿಟ್ಟು, ಒಂದೂವರೆ ನಿಮಿಷ ಆಗೋದ್ರೊಳಗೆ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಬೇಕು. ಓಡುವಾಗ ನೋಡಿದರೆ ಕಡಿಮೆ ಇದ್ದ ಹಾಗೆ ಕಾಣುತ್ತೆ, ಆಗ ಸುರಿದು ಸುರಿದು ಮೇಲಕ್ಕೆ ತರ್ತಾರೆ. ಆಯಿಲ್ ಜಾಸ್ತಿಯಾದರೆ ಒಳಗೆ ತಿರುಗೋ ಗೇರುಗಳು ಅದನ್ನ ಕಡೆದು ನೊರೆ ಮಾಡುತ್ತವೆ. ನೊರೆಯಿಂದ ಪ್ರೆಶರ್ ಬರಲ್ಲ. ಪ್ರೆಶರ್ ಇಲ್ಲದೆ ಕ್ಲಚ್ ಹಿಡಿಯಲ್ಲ, ಇಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ. ಶಿರಾಡಿಯಲ್ಲಿ ಆದದ್ದು ಇದೇ ಇರಬಹುದು. ಕಡಿಮೆ ಇದ್ದರೂ ಇದೇ ಕಥೆ, ಏರಿನಲ್ಲಿ ಪಂಪು ಗಾಳಿ ಎಳೆಯುತ್ತೆ.

ನನ್ನ ಹಳೇ ಗಾಡಿಗೆ ಒಬ್ಬ ಮೇಸ್ತ್ರಿ ಹೀಗೇ ಅರ್ಧ ಲೀಟರ್ ಜಾಸ್ತಿ ಸುರಿದಿದ್ದ. ನಾಲ್ಕು ತಿಂಗಳು ಗಾಡಿಯನ್ನೇ ಬೈಕೊಂಡು ಓಡಾಡಿದೆ.

ಕಡ್ಡಿಯ ಆಯಿಲನ್ನ ಬಿಳಿ ಬನಿಯನ್ ಬಟ್ಟೆ ಮೇಲೆ ಒಂದು ಹನಿ ಬಿಡಿ. ಕೆಂಪು ಇದ್ದರೆ ಚೆನ್ನ. ಟೀ ಡಿಕಾಕ್ಷನ್ ಬಣ್ಣ ಬಂದಿದ್ದರೆ ಹಳತಾಗಿದೆ ಅಷ್ಟೇ. ಕಪ್ಪಾಗಿ, ಮೂಸಿದರೆ ಸುಟ್ಟ ವಾಸನೆ ಹೊಡೆದರೆ ಕ್ಲಚ್ ಪ್ಲೇಟು ಸವೆದಿದೆ ಅಂತ ಲೆಕ್ಕ. ರೋಸ್ ಮಿಲ್ಕ್ ಥರ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಕೂಲೆಂಟ್ ಒಳಗೆ ಸೇರಿದೆ.

ಬೆಳಗಿನ ಧಡ್ ವಿಷಯ. 'ಡಿ'ಗೆ ಹಾಕಿದ ತಕ್ಷಣ ಪಂಪು ಕ್ಲಚ್ಚಿನ ಪಿಸ್ಟನ್ ಹಿಂದೆ ಆಯಿಲ್ ತುಂಬಬೇಕು. ವಯಸ್ಸಾದ ರಬ್ಬರ್ ಸೀಲು ಚಳಿಗೆ ಗಟ್ಟಿಯಾಗಿ ಸೋರುತ್ತೆ, ತುಂಬೋಕೆ ಹೊತ್ತು ಹಿಡಿಯುತ್ತೆ. ಬಿಸಿಯಾದ ಮೇಲೆ ತಡ ಇಲ್ಲ ಅಂದರೆ ಅವಸರ ಏನಿಲ್ಲ. ಬಿಸಿಯಲ್ಲೂ ತಡ ಆದರೆ ಯೋಚನೆ ಮಾಡಬೇಕು. ತಡ ಬೇರೆ, ಧಡ್ ಬೇರೆ. ಧಡ್‌ಗೆ ಇಂಜಿನ್ ಮೌಂಟ್, ಅಂದರೆ ಇಂಜಿನ್ ಹಿಡಿದಿರೋ ರಬ್ಬರ್ ಆಧಾರ ನೋಡಿ. ಬಾನೆಟ್ ಎತ್ತಿ ನೀವು ಪಕ್ಕದಲ್ಲಿ ನಿಂತುಕೊಳ್ಳಿ, ಇನ್ನೊಬ್ಬರು ಬ್ರೇಕ್ ಗಟ್ಟಿಯಾಗಿ ತುಳಿದು 'ಆರ್'ನಿಂದ 'ಡಿ'ಗೆ ಬದಲಿಸಲಿ. ಗಾಡಿ ಮುಂದೆ ಮಾತ್ರ ಯಾರೂ ನಿಲ್ಲಬಾರದು. ಇಂಜಿನ್ ಕುರ್ಚಿಯಿಂದ ಎದ್ದ ಹಾಗೆ ಮೇಲೆದ್ದರೆ ಮೌಂಟ್ ಹರಿದಿದೆ. ಹದಿನೈದು ವರ್ಷದ ರಬ್ಬರು, ಹರಿಯದೆ ಇನ್ನೇನಾಗುತ್ತೆ. ಹಾಗೇ ಐಡಲ್ ಆರ್‌ಪಿಎಂ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ತಿರುಗೋ ವೇಗ ನೋಡಿ. ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಕೊಳೆಯಾಗಿ ಐಡಲ್ ಸಾವಿರದ ಮೇಲೆ ನಿಂತಿದ್ದರೂ ಗೇರ್ ಹಾಕಿದಾಗ ಹೊಡೆಯುತ್ತೆ.

60ರ ನಡುಕಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಹಿಂದೆ ಗಾಡಿ ಇಲ್ಲದ, ನೇರವಾದ ರಸ್ತೆಯಲ್ಲಿ ಆಕ್ಸಿಲರೇಟರ್ ಒಂದೇ ಸಮ ಹಿಡಿದು, ನಡುಕ ಶುರುವಾದಾಗ ಎಡಗಾಲಲ್ಲಿ ಬ್ರೇಕ್ ಲೈಟ್ ಹತ್ತೋಷ್ಟು ಮಾತ್ರ ಮುಟ್ಟಿ. ಅಭ್ಯಾಸ ಇಲ್ಲದಿದ್ದರೆ ಎಡಗಾಲು ಕ್ಲಚ್ ಅಂದುಕೊಂಡು ಪೂರಾ ತುಳಿದುಬಿಡುತ್ತೆ, ಹುಷಾರು. ಬ್ರೇಕ್ ಸ್ವಿಚ್ ಒತ್ತಿದ ಕೂಡಲೆ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ (ಇಂಜಿನ್ನನ್ನ ಗೇರ್‌ಬಾಕ್ಸಿಗೆ ನೇರ ಬಿಗಿಯೋದು) ಬಿಟ್ಟುಕೊಳ್ಳುತ್ತೆ, ಆರ್‌ಪಿಎಂ ಸ್ವಲ್ಪ ಏರುತ್ತೆ. ಅದೇ ಕ್ಷಣ ನಡುಕ ನಿಂತರೆ ತಪ್ಪು ಲಾಕಪ್‌ದು, ಹಳೇ ಆಯಿಲ್ ಇದಕ್ಕೆ ದೊಡ್ಡ ಕಾರಣ. ನಿಲ್ಲದಿದ್ದರೆ ಗೇರ್‌ಬಾಕ್ಸ್ ಬಿಡಿ, ಸ್ಪಾರ್ಕ್ ಪ್ಲಗ್ಗು, ಕಾಯಿಲ್ಲು ನೋಡಿ. ಒಂದು ಸಿಲಿಂಡರ್ ಮಿಸ್ ಹೊಡೆದರೂ ಹೀಗೇ ನಡುಗುತ್ತೆ.

ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದಿಸೋಕೆ ಸ್ಕ್ಯಾನ್ ಹಾಕಿಸಲೇಬೇಕು. ಮೀಟರಲ್ಲಿ 'ಡಿ' ದೀಪ ಮಿಟುಕುತ್ತಾ ಇದ್ದರಂತೂ ಒಳಗೆ ಕೋಡ್ ಕೂತಿದೆ. ಪಿ0700 ಅಂತ ಮಾತ್ರ ಬಂದರೆ "ಗೇರ್‌ಬಾಕ್ಸ್ ಕಂಪ್ಯೂಟರನ್ನ ಕೇಳಿ" ಅಂತ ಅರ್ಥ, ಅದನ್ನೇ ತೋರಿಸಿ ಬಾಕ್ಸ್ ಹೋಗಿದೆ ಅಂದರೆ ನಂಬಬೇಡಿ. ಪಿ0740 ಬಂದರೆ ಲಾಕಪ್, ಪಿ0750 ಆದರೆ ಶಿಫ್ಟ್ ಸೊಲೆನಾಯ್ಡ್ (ಗೇರ್ ಬದಲಿಸೋ ಕರೆಂಟಿನ ವಾಲ್ವ್), ಪಿ0715 ಅಥವಾ 0720 ಆದರೆ ಸ್ಪೀಡ್ ಸೆನ್ಸರ್. ಸೆನ್ಸರ್ ಹೊರಗಿನಿಂದಲೇ ಬಿಚ್ಚೋ ವಸ್ತು. ಹೊಂಡಾದ ಹಲವು ಬಾಕ್ಸುಗಳಲ್ಲಿ ಸೊಲೆನಾಯ್ಡನ್ನೂ ಬಾಕ್ಸ್ ಇಳಿಸದೆ ತೆಗೀಬಹುದು. ಪಿ0730, ಅಂದರೆ ಗೇರ್ ಅನುಪಾತ ತಪ್ಪಿದೆ ಅಂತ ಬಂದರೆ ಮಾತ್ರ ಒಳಗೆ ಜಾರುತ್ತಿದೆಯೇನೋ ಅಂತ ಗಂಭೀರವಾಗಿ ಯೋಚಿಸಿ.

ಇನ್ನು ಆಯಿಲ್ ಬದಲಿಸೋದು. ಆಯಿಲ್ ಇಳಿಸೋ ಡ್ರೈನ್ ಬೋಲ್ಟಿಗೆ 3/8 ಇಂಚಿನ ಚೌಕ ಗುಳಿ ಇರುತ್ತೆ, ಸಾಕೆಟ್ ಸೆಟ್ಟಿನ ರಾಟ್ಚೆಟ್ ತುದಿ ನೇರ ಕೂರುತ್ತೆ, ಬೇರೆ ಪಾನಾ ಬೇಡ. ಒಮ್ಮೆಗೆ ಎರಡೂವರೆ ಲೀಟರ್ ಹತ್ತಿರ ಇಳಿಯುತ್ತೆ, ಉಳಿದದ್ದು ಕನ್ವರ್ಟರಿನಲ್ಲೇ ನಿಲ್ಲುತ್ತೆ. ಅದಕ್ಕೇ ಒಂದು ಸಲ ಬದಲಿಸಿ "ಏನೂ ವ್ಯತ್ಯಾಸ ಇಲ್ಲ" ಅನ್ನೋದು ಸರಿಯಲ್ಲ. ಇಳಿದದ್ದನ್ನ ಹಳೇ ನೀರಿನ ಬಾಟಲಿಗೆ ತುಂಬಿ ಅಳೆಯಿರಿ, ಅಷ್ಟೇ ಹೊಸದು ಹಾಕಿ, ಎಲ್ಲ ಗೇರೂ ಬೀಳೋ ಹಾಗೆ ಓಡಿಸಿ ಬಂದು ಮತ್ತೆ ಇಳಿಸಿ. ಹೀಗೆ ಮೂರು ಸಲ. ವಾಷರ್ ಪ್ರತಿ ಸಲ ಹೊಸದು. ಮೆಷಿನ್ ಹಾಕಿ ಫ್ಲಶ್ ಮಾಡ್ತೀವಿ ಅಂದರೆ ನಾನಂತೂ ಒಪ್ಪಲ್ಲ, ವರ್ಷಗಟ್ಟಲೆ ಮೂಲೆಯಲ್ಲಿ ಕೂತ ಕಸ ಎದ್ದು ವಾಲ್ವ್ ಬಾಡಿಗೆ (ಆಯಿಲನ್ನ ಕ್ಲಚ್ಚುಗಳಿಗೆ ಹಂಚೋ ಭಾಗ) ಹೋಗಿ ಕೂರೋದು ಬೇಡ.

ಬಿಚ್ಚಿದ ಬೋಲ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇರುತ್ತೆ. ಅದರ ಮೇಲೆ ಕಾಡಿಗೆಯಂಥ ನುಣುಪು ಮೆತ್ತಿಕೊಂಡಿದ್ದರೆ ಹೆದರಬೇಡಿ, ಅಷ್ಟು ಸವೆತ ಮಾಮೂಲು. ಬೆರಳಲ್ಲಿ ಉಜ್ಜಿದಾಗ ಮರಳಿನ ಹಾಗೆ ತಗುಲಿದರೆ, ಅಥವಾ ಹೊಳೆಯೋ ಚೂರು ಕಂಡರೆ, ಮುಂದಿನ ಎರಡು ಸಲದ ಆಯಿಲಿಗೆ ದುಡ್ಡು ಹಾಕಬೇಡಿ. ಆಗ ನಿಮ್ಮ ಗ್ಯಾರೇಜಿನವರ ಮಾತೇ ನಿಜ. ಆ ಹಂತಕ್ಕೆ ಬಂದರೆ ಈ ವಯಸ್ಸಿನ ಗಾಡಿಗೆ ರಿಪೇರಿ ಖರ್ಚು, ಗಾಡಿ ಬೆಲೆ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ, ಆಟೋಮ್ಯಾಟಿಕ್ ಬಿಚ್ಚಿ ಅನುಭವ ಇರೋರ ಹತ್ತಿರ ಇನ್ನೊಂದು ಅಭಿಪ್ರಾಯ ಕೇಳಿ.

ಅಲ್ಲೀವರೆಗೆ ಘಟ್ಟದ ಕಡೆ ಒಯ್ಯಬೇಡಿ. ಎಲ್ಲಾದರೂ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ಓಡದೆ ಪಂಪು ತಿರುಗಲ್ಲ, ಮುಂದಿನ ಚಕ್ರ ತಿರುಗಿದಷ್ಟೂ ಒಳಗೆ ಆಯಿಲಿಲ್ಲದೆ ಉಜ್ಜುತ್ತೆ. ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.

ಭಾನುವಾರ ಮೊದಲ ಡ್ರೈನ್ ಮಾಡಿದರೆ ಮ್ಯಾಗ್ನೆಟ್ ಒರೆಸೋಕೆ ಮುಂಚೆ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಬಿಸಿಲಲ್ಲಿ, ಹತ್ತಿರದಿಂದ.