ಎಲ್ಲಾ ಸರಕಾರದ್ದೇ, ಆದರೂ ಉತಾರ ಬೇರೆ ಬೇರೆ

ಜಮೀನು, ಅಳತೆ, ದಾಖಲೆ ಕುರಿತ ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ನಿವೃತ್ತ ಭೂಮಾಪಕರೊಬ್ಬರ ಉತ್ತರ

ಪ್ರಶ್ನೆ: ಸರ್, ನನ್ನ ಮಗ ಬಿಎಸ್‌ಎಫ್‌ನಲ್ಲಿ ಬಂಗಾಳದ ಗಡಿಯಲ್ಲಿದ್ದಾನೆ. ಸರಕಾರದ ಖಾಲಿ ಜಾಗವನ್ನು ಕಸ್ಟಮ್ಸ್ ಕೆಲಸಕ್ಕೆ ಕೊಡಬೇಕೆಂದರೂ ಫೈಲು ವರ್ಷಗಟ್ಟಲೆ ಓಡಾಡುತ್ತದಂತೆ. ಕೊಡುವವರೂ ಸರಕಾರ, ತಗೊಳ್ಳುವವರೂ ಸರಕಾರ. ತಡ ಯಾಕೆ?
— ಓದುಗರು, ಅಥಣಿ

ಉತ್ತರ: ಮೊದಲು ಉತಾರ, ಅಂದರೆ ಪಹಣಿ, ತೆಗೆದು ನೋಡಬೇಕು ಸರ್, ಅದು ಯಾವ ಸರಕಾರದ ಜಾಗ ಅಂತ. ಸಂವಿಧಾನದಲ್ಲಿ ಭೂಮಿ ರಾಜ್ಯದ ಪಟ್ಟಿಯಲ್ಲಿದೆ, ಕಸ್ಟಮ್ಸ್ ಸುಂಕ ಕೇಂದ್ರದ ಪಟ್ಟಿಯಲ್ಲಿದೆ. ಗಡಿಯಲ್ಲಿ ಸುಂಕ ಹಾಕುವವರು ದಿಲ್ಲಿಯವರು. ಅವರು ನಿಂತ ಖಾಲಿ ನೆಲ ಎಷ್ಟೋ ಕಡೆ ರಾಜ್ಯದ್ದು. ನಮ್ಮಲ್ಲೂ ಹಾಗೇ ಅಲ್ವಾ? 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ರಸ್ತೆ, ಹಳ್ಳ, ಯಾರ ಹೆಸರಿಗೂ ಇಲ್ಲದ ಜಾಗ ಎಲ್ಲ ರಾಜ್ಯ ಸರಕಾರದ್ದು.

ಸರಿ, ಜಾಗ ಕೇಂದ್ರದ್ದೇ ಅಂದುಕೊಳ್ಳಿ. ಆಗಲೂ ಮುಗಿಯಲಿಲ್ಲ. ನಿಮ್ಮ ಮಗನ ಬಿಎಸ್‌ಎಫ್ ಗೃಹ ಸಚಿವಾಲಯಕ್ಕೆ ಸೇರಿದ್ದು. ಕಸ್ಟಮ್ಸ್ ಹಣಕಾಸು ಸಚಿವಾಲಯದ ಕೈಯಲ್ಲಿದೆ. ರೈಲ್ವೆ ಜಾಗ ರೈಲ್ವೆಯವರದ್ದು. ವಾಟ್ನಿ (ಪಾಲು) ಆದ ಅಣ್ಣತಮ್ಮಂದಿರ ಹೊಲದ ಹಾಗೆ: ಮನೆತನ ಒಂದೇ, ಬಾಂದು ದಾಟಿದರೆ ಮಾತು ಬರುತ್ತದೆ. ಬೆಳಗಾವಿಗೆ ಬಂದಾಗ ಕ್ಯಾಂಪ್ ಪ್ರದೇಶ ನೋಡಿ. ರಸ್ತೆಯ ಈಚೆ ಮಹಾನಗರ ಪಾಲಿಕೆ, ಆಚೆ ಸೇನೆಯ ಕಂಟೋನ್ಮೆಂಟ್. ಆಚೆಯ ಜಾಗದ ದಾಖಲೆ ರಕ್ಷಣಾ ಇಲಾಖೆಯ ಜನರಲ್ ಲ್ಯಾಂಡ್ ರಿಜಿಸ್ಟರಿನಲ್ಲಿ ಇರುತ್ತದೆ. ಅದನ್ನು ನಮ್ಮ ತಹಶೀಲ್ದಾರ್ ಸಾಹೇಬರು ಸುಮ್ನೆ ಸಹಿ ಹಾಕಿ ಯಾರಿಗೂ ಕೊಡೋಕೆ ಬರೋದಿಲ್ಲ.

ಕೇಂದ್ರ ಬಯಸಿದರೆ ರಾಜ್ಯದ ಜಾಗ ಕಿತ್ತುಕೊಳ್ಳಬಹುದೇ ಅಂತ ನೀವು ಮುಂದೆ ಕೇಳೇ ಕೇಳುತ್ತೀರಿ. ಸಂಸತ್ತು ಅದಕ್ಕೆ ಕಾನೂನು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಕಲ್ಲಿದ್ದಲು ಭೂಮಿಯ ಆ ಮೊಕದ್ದಮೆ ಹಾಕಿದ್ದೂ ಪಶ್ಚಿಮ ಬಂಗಾಳ ಸರಕಾರವೇ. ಆದರೆ ದಿನಾ ಬೆಳಗಾದರೆ ಮುಖ ನೋಡಬೇಕಾದವರ ಜೊತೆ ಯಾರೂ ಹಾಗೆ ಮಾಡಲು ಹೋಗೋದಿಲ್ಲ. ಪತ್ರ ಬರೆಯುತ್ತಾರೆ, ಬೆಲೆ ಮಾತಾಡುತ್ತಾರೆ.

ನನ್ನನ್ನು ಕೇಳಿದರೆ, ಕಾನೂನಿಗಿಂತ ಜಾಸ್ತಿ ತಡ ಆಗೋದು ಅಳತೆಯಲ್ಲಿ. ಜಂಟಿ ಅಳತೆ ಎಂದರೆ ಕೊಡುವವರು, ತಗೊಳ್ಳುವವರು, ಸರ್ವೆಯವರು ಒಂದೇ ದಿನ ಒಂದೇ ಜಾಗದಲ್ಲಿ ನಿಲ್ಲಬೇಕು. ಒಬ್ಬರು ಬಂದರೆ ಇನ್ನೊಬ್ಬರಿಗೆ ಮೀಟಿಂಗು. ನಮ್ಮ ಕಡೆಯ ಒಂದು ಊರಲ್ಲಿ ಶಾಲೆಯ ಜಾಗದಲ್ಲಿ ಅರ್ಧ ಎಕರೆ ದನದ ದವಾಖಾನೆಗೆ ಕೊಡುವುದಿತ್ತು. ಆದೇಶದಲ್ಲಿ 20 ಗುಂಟೆ ಅಂತ ಇತ್ತು. ಯಾವ ಬದಿಯ 20 ಗುಂಟೆ ಅಂತ ಇರಲಿಲ್ಲ. ನಕಾಶೆ ಲಗತ್ತಿಸಿರಲಿಲ್ಲ. ದವಾಖಾನೆಯವರು ರಸ್ತೆ ಬದಿ ಕೇಳಿದರು, ಮಾಸ್ತರು ಹಿಂದಿನ ಬದಿ ತೋರಿಸಿದರು. ಅಷ್ಟರಲ್ಲಿ ರಸ್ತೆ ಬದಿಗೆ ಯಾರೋ ಕಣಿಕೆ ಬಣವಿ ಒಟ್ಟಿ ಕಬ್ಜಾ ಮಾಡಿದ್ದರು. ಅರ್ಧ ಎಕರೆಗೇ ಈ ಕಥೆ. ಪಂಜಾಬಿನ ಅಟ್ಟಾರಿ ಚೆಕ್‌ಪೋಸ್ಟ್ ಸುಮಾರು 120 ಎಕರೆ ಇದೆ. ಅದರ ಮೇಲೆ ಬಾಂಗ್ಲಾ ಗಡಿಯಲ್ಲಿ ಇನ್ನೊಂದು ತೊಡಕು: ಎರಡೂ ದೇಶದವರ 1975ರ ಮಾರ್ಗಸೂಚಿ ಪ್ರಕಾರ ಗಡಿರೇಖೆಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡ ಕಟ್ಟುವಂತಿಲ್ಲ. ರೇಖೆಗೆ ಅಂಟಿದ ಜಾಗ ಎಂದರೆ ಆಚೆಯವರ ತಕರಾರೂ ಬರುತ್ತದೆ.

ಇನ್ನೊಂದು ಮಾತು. ಕಸ್ಟಮ್ಸ್‌ನವರಿಗೆ ಜಾಗ ಅವರ ಹೆಸರಿಗೇ ಆಗಬೇಕು ಅಂತೇನಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 7ನೇ ಕಲಮಿನಡಿ ಅಧಿಸೂಚನೆ ಹೊರಡಿಸಿ ಒಂದು ಜಾಗವನ್ನು ಭೂ ಕಸ್ಟಮ್ಸ್ ಠಾಣೆ ಮಾಡುತ್ತಾರೆ. 8ನೇ ಕಲಮಿನಡಿ ಅದರ ಎಲ್ಲೆ ಗೊತ್ತುಮಾಡುತ್ತಾರೆ. ನೆಲದ ಯಜಮಾನ ಬೇರೆಯವರಿರಬಹುದು. ಇದಕ್ಕೇ 2010ರಲ್ಲಿ ಕಾಯ್ದೆ ಮಾಡಿ, 2012ರಲ್ಲಿ ಭಾರತೀಯ ಭೂ ಬಂದರು ಪ್ರಾಧಿಕಾರ ಶುರು ಮಾಡಿದರು. ಪ್ರಾಧಿಕಾರ ಜಾಗ ನೋಡಿಕೊಳ್ಳುತ್ತದೆ. ಗೋದಾಮು, ಲಾರಿ ನಿಲ್ಲುವ ಅಂಗಳ, ತೂಕದ ಕಾಟಾ ಎಲ್ಲ ಅದರ ಜವಾಬ್ದಾರಿ. ಕಸ್ಟಮ್ಸ್, ವಲಸೆ ವಿಭಾಗ, ಕಾವಲು ಪಡೆ ಒಳಗೆ ತಮ್ಮ ತಮ್ಮ ಕೆಲಸ ಮಾಡುತ್ತವೆ. 2016ರಲ್ಲಿ ಉದ್ಘಾಟನೆಯಾದ, ಬಂಗಾಳದ ಗಡಿಯ ಪೆಟ್ರಾಪೋಲ್ ಚೆಕ್‌ಪೋಸ್ಟ್ ನಡೆಯೋದು ಹೀಗೇ. ನನಗೆ ಇದು ಜಾಣತನದ ವ್ಯವಸ್ಥೆ ಅನಿಸುತ್ತದೆ. ಒಂದು ಸಲ ಒಬ್ಬರ ಹೆಸರಿಗೆ ಮಾಡಿಕೊಂಡರೆ ಪ್ರತಿ ಇಲಾಖೆಗೂ ಬೇರೆ ಹಸ್ತಾಂತರ ಬೇಕಾಗೋದಿಲ್ಲ.

ಪ್ರಶ್ನೆ: ಮಗಳು ಅಮೆರಿಕದ ಅರಿಜೋನಾದಲ್ಲಿದ್ದಾಳೆ. ಅಲ್ಲಿ ಮೆಕ್ಸಿಕೋ ಗಡಿಗುಂಟ 60 ಅಡಿ ಜಾಗವನ್ನು ಸರಕಾರ ಮೊದಲೇ ತೆಗೆದಿಟ್ಟಿದೆಯಂತೆ. ನಿಜವೇ?
— ಓದುಗರು, ಜಮಖಂಡಿ

ಉತ್ತರ: ನಿಜ. 1907ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಮಾಡಿದ ಘೋಷಣೆ ಅದು. ಕಾರಣ ಕಳ್ಳಸಾಗಣೆ ತಡೆಯೋದು, ಅಂದರೆ ಕಸ್ಟಮ್ಸ್ ಕೆಲಸವೇ. ಇಂದಿನ ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೋದಲ್ಲಿ ಆಗಲೇ ಖಾಸಗಿಯವರ ಹೆಸರಿಗೆ ಹೋಗಿದ್ದನ್ನು ಬಿಟ್ಟು ಉಳಿದ ಸರಕಾರಿ ಜಾಗಕ್ಕೆ ಅನ್ವಯ. ಟೆಕ್ಸಾಸ್ ಇದರಲ್ಲಿ ಇಲ್ಲ. 1845ರಲ್ಲಿ ಅಮೆರಿಕಕ್ಕೆ ಸೇರುವಾಗ ಅದು ತನ್ನ ಸರಕಾರಿ ಭೂಮಿಯನ್ನು ತನ್ನಲ್ಲೇ ಉಳಿಸಿಕೊಂಡಿತ್ತು. ಹಾಗಾಗಿ ಅಲ್ಲಿ ತೆಗೆದಿಡಲು ವಾಷಿಂಗ್ಟನ್‌ನವರ ಕೈಯಲ್ಲಿ ಜಾಗವೇ ಇರಲಿಲ್ಲ. ಅಥಣಿಯವರ ಪ್ರಶ್ನೆಗೂ ಇದು ಉತ್ತರ ನೋಡಿ: ಜಾಗ ಯಾವ ಸರಕಾರದ್ದು ಅನ್ನೋದೇ ಮೊದಲ ಮಾತು.

ಇತ್ತೀಚೆಗೆ, 2025ರ ಏಪ್ರಿಲ್‌ನಲ್ಲಿ, ನ್ಯೂ ಮೆಕ್ಸಿಕೋದ ಗಡಿಯಲ್ಲಿ ಸುಮಾರು 1,10,000 ಎಕರೆಯನ್ನು ಅಲ್ಲಿ ಸರಕಾರಿ ಭೂಮಿ ನೋಡಿಕೊಳ್ಳುವ ಆಂತರಿಕ ಇಲಾಖೆ ಸೇನೆಗೆ ವಹಿಸಿತು. ಅದೂ 3 ವರ್ಷದ ಮಟ್ಟಿಗೆ. ಅದು ಸರಿಯೋ ತಪ್ಪೋ ಅವರು ಜಗಳಾಡಲಿ. ಆದರೆ ಅವಧಿ ಬರೆದಿದ್ದು ನನಗೆ ಹಿಡಿಸಿತು. ನಮ್ಮಲ್ಲಿ ಭೂ ಕಂದಾಯ ಕಾಯ್ದೆಯ 71ನೇ ಕಲಮಿನಡಿ ಒಂದು ಉದ್ದೇಶಕ್ಕೆ ಕಾದಿಟ್ಟ ಜಾಗವನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಆದರೆ ಎಷ್ಟು ವರ್ಷಕ್ಕೆ, ಬಳಸದಿದ್ದರೆ ವಾಪಸ್ಸು ಯಾವಾಗ ಅನ್ನೋದನ್ನು ಆದೇಶದಲ್ಲಿ ಬರೆದ ಪುಣ್ಯಾತ್ಮರನ್ನು ನಾನು ನೋಡಿದ್ದು ಕಡಿಮೆ.

ಪ್ರಶ್ನೆ: ನಮಗೂ ಮಹಾರಾಷ್ಟ್ರದ ಗಡಿ ಇದೆ. ಕೊಗನೊಳ್ಳಿಯಲ್ಲಿ ಕಸ್ಟಮ್ಸ್ ಯಾಕಿಲ್ಲ?
— ಓದುಗರು, ನಿಪ್ಪಾಣಿ

ಉತ್ತರ: ಕಸ್ಟಮ್ಸ್ ಇರೋದು ದೇಶದ ಗಡಿಗೆ. ರಾಜ್ಯದಿಂದ ರಾಜ್ಯಕ್ಕೆ ವ್ಯಾಪಾರ ಮುಕ್ತ ಅಂತ ಸಂವಿಧಾನದ 301ನೇ ವಿಧಿಯೇ ಹೇಳುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಮೇಲೆ ತೆರಿಗೆ ನಾಕಾಗಳೂ ಹೋದವು. ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬರುವಾಗ ಕಣಕುಂಬಿಯಲ್ಲಿ ಡಿಕ್ಕಿ ತೆಗೆಸುತ್ತಾರಲ್ಲ, ಅವರು ರಾಜ್ಯದ ಅಬಕಾರಿಯವರು. ಅವರಿಗೆ ಬೇಕಾಗಿರೋದು ಬಾಟಲಿ.

ಆದರೂ ನಮ್ಮ ಜಿಲ್ಲೆಯಲ್ಲಿ ಒಂದು ಕಸ್ಟಮ್ಸ್ ಗಡಿ ಇದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ. 2005ರ ಕಾಯ್ದೆ ಪ್ರಕಾರ ಅಂಥ ವಲಯ, ಅನುಮತಿ ಪಡೆದ ವ್ಯವಹಾರದ ಮಟ್ಟಿಗೆ, ದೇಶದ ಕಸ್ಟಮ್ಸ್ ವ್ಯಾಪ್ತಿಯ ಹೊರಗೆ. ಅಲ್ಲಿ ತಯಾರಾದ ಮಾಲನ್ನು ಬೆಳಗಾವಿಯಲ್ಲಿ ಮಾರಬೇಕೆಂದರೆ ಆಮದು ಮಾಲಿಗೆ ಕಟ್ಟಿದ ಹಾಗೆ ಸುಂಕ ಕಟ್ಟಬೇಕು.