ದೀಕ್ಷಾಸ್ನಾನ ಆದಮೇಲೂ ಕುಡಿಯುವ ಗಂಡನಿಗೆ ರಕ್ಷಣೆ ಇದೆಯಾ?

ದೀಕ್ಷಾಸ್ನಾನ ತಗೊಂಡು ಆರು ತಿಂಗಳಿಗೇ ಯಜಮಾನರು ಮತ್ತೆ ಕುಡಿಯುತ್ತಿದ್ದಾರೆ, ಇವರಿಗೆ ನಿಜವಾಗಿ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಆಗಿದೆಯಾ ಅಂತ ಕೇಳಿದ್ದೀರಿ. ಅಮ್ಮಾ, ನಾನೂ ಹೀಗೇ ಇದ್ದವನು.

ಪೀಣ್ಯದಲ್ಲಿ ಲೇತ್ ಕೆಲಸ, ಲಗ್ಗೆರೆಯಲ್ಲಿ ಮನೆ. 2009ರಲ್ಲಿ ತೊಟ್ಟಿಯಲ್ಲಿ ಮುಳುಗಿ ಎದ್ದು ದೀಕ್ಷಾಸ್ನಾನ ತಗೊಂಡೆ. ಅದಕ್ಕೆ ಎರಡು ವರ್ಷ ಮುಂಚೆ ಅಕ್ಕನ ಮನೆಯಲ್ಲಿ ಕದ್ದಿದ್ದೆ. ಮಗಳ ಕಾಲೇಜು ಫೀಸಿಗೆ ಅಂತ ಚೀಟಿ ಎತ್ತಿ, 40,000 ರೂಪಾಯಿ ರಾಗಿ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ಹಿಟ್ಟು ಮೆತ್ತಿದ ನೋಟುಗಳನ್ನು ಪ್ಯಾಂಟಿಗೆ ಒರೆಸಿ ಬಾರಿನಲ್ಲಿ ಕೊಟ್ಟಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದರೆ ನನಗೆ ದುಬಾರಿಯಾದ ತಪ್ಪು ಅದಲ್ಲ, ಆಮೇಲಿನದು. ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ನನ್ನನ್ನು ಹೇಗೆ ಬದಲಾಯಿಸಿದ ಅಂತ ಹೇಳಲು, ಮೈಕ್ ಕೊಟ್ಟರು. ಅಕ್ಕನನ್ನೂ ಕರೆದಿದ್ದೆ. "ಕದ್ದೆ, ಕುಡಿದೆ, ಕರ್ತನು ಎಲ್ಲವನ್ನೂ ಕ್ಷಮಿಸಿದನು" ಅಂದೆ. ಎಲ್ಲರೂ ಸ್ತೋತ್ರ ಅಂದರು. ಅಕ್ಕ ಎದ್ದು ಹೋದಳು. ಯಾಕೆ ಅಂತ ನನಗೆ ಗೊತ್ತಾಗಲೇ ಇಲ್ಲ. ದೇವರು ಕ್ಷಮಿಸಿದ ಮೇಲೆ ಅಕ್ಕನ ಬಾಕಿಯೂ ತೀರಿತು ಅಂದುಕೊಂಡಿದ್ದೆ. ಕದ್ದಿದ್ದು ಅವಳ ದುಡ್ಡು. ಕ್ಷಮೆ ಕೇಳಿದ್ದು ದೇವರನ್ನು ಮಾತ್ರ. ಅವಳ ಹತ್ತಿರ ಹೋಗಿ ಒಂದು ಮಾತು ಆಡಿರಲಿಲ್ಲ, ಒಂದು ರೂಪಾಯಿ ಕೊಟ್ಟಿರಲಿಲ್ಲ. ಅವಳ ನೋವನ್ನು ಮೈಕಿನಲ್ಲಿ ಹೇಳಿ ನಾನು ಹೊಗಳಿಸಿಕೊಂಡೆ. ಮೂರೇ ತಿಂಗಳಿಗೆ ಮತ್ತೆ ಬಾರಿಗೆ ಹೋದೆ. ನಾಲ್ಕು ವರ್ಷ ಅಕ್ಕ ನನ್ನ ಜೊತೆ ಮಾತಾಡಲಿಲ್ಲ.

ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ನಮ್ಮ ಕೆಲಸದಿಂದಲ್ಲ ಅಂತ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಪೂರ್ತಿ ನಂಬುತ್ತೇನೆ. ಯೇಸುವಿನ ಪಕ್ಕ ಶಿಲುಬೆಯಲ್ಲಿದ್ದ ಕಳ್ಳ ಯಾರಿಗೂ ಏನೂ ವಾಪಸ್ ಕೊಡಲಿಲ್ಲ, ಅವತ್ತೇ ಅವನಿಗೆ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು. ಆದರೆ ಅವನು ಶಿಲುಬೆಯಲ್ಲಿ ಸಾಯುತ್ತಿದ್ದ. ನನ್ನ ಕೈಕಾಲು ಗಟ್ಟಿಯಾಗಿತ್ತಲ್ವಾ? ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಬರುವ, ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನನ್ನು ನೋಡಿ. ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಯೇಸು ಅವನ ಮನೆಗೆ ಬರ್ತೀನಿ ಅಂದಿದ್ದು ಮೊದಲು, ದುಡ್ಡಿನ ಮಾತು ಆಮೇಲೆ. ಆದರೆ ದುಡ್ಡಿನ ಮಾತು ಬಂದೇ ಬಂತು.

ಅಕ್ಕನಿಗೆ ತಿಂಗಳಿಗೆ 2,000ದಂತೆ ಕೊಡಲು ಶುರು ಮಾಡಿದೆ. ಮೊದಮೊದಲು ಕಿಟಕಿಯಿಂದಲೇ ಕೈ ಚಾಚಿ ತಗೊಳ್ಳುತ್ತಿದ್ದಳು. ನಂಬಿಕೆ ನನ್ನನ್ನು ಬದಲಾಯಿಸಿದ್ದು ಆ ಕಿಟಕಿಯ ಮುಂದೆ, ಸಭೆಯಲ್ಲಲ್ಲ.

ಹಾಗಾಗಿ ಅವರಿಗೆ ರಕ್ಷಣೆ ಆಗಿದೆಯಾ ಅನ್ನುವ ಲೆಕ್ಕ ಬಿಡಿ. ಅದು ನಿಮ್ಮದಲ್ಲ, ಪಾಸ್ಟರದ್ದೂ ಅಲ್ಲ. ಮೊದಲು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಕುಡಿತ ಬಿಡಿಸಲು ಅಲ್ಲಿ ಬೇರೆ ವಿಭಾಗವೇ ಇದೆ. ದಿನಾ ಜಾಸ್ತಿ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಸುಮ್ನೆ ಉಪವಾಸ ಪ್ರಾರ್ಥನೆಗೆ ಕೂರಿಸಬೇಡಿ. ಮಾತ್ರೆ ತಗೊಂಡರೆ ನಂಬಿಕೆ ಕಮ್ಮಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ, ನಾನೂ ತಗೊಂಡಿದ್ದೇನೆ.

ಮತ್ತೆ, ಅವರು ನಿಮ್ಮಿಂದ ಏನೇನು ತಗೊಂಡಿದ್ದಾರೆ? ದುಡ್ಡು, ಒಡವೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಸತ್ಯವೇದದೊಳಗೆ ಇಡಿ.