ಸೋಲ್ಡರಿನಲ್ಲಿ ಉಳಿಸುವುದು ಎಲ್ಲಿ?

ಪ್ರಶ್ನೆ: ಮೇಡಂ, ಎಲೆಕ್ಟ್ರಾನಿಕ್ಸ್ ಕಿಟ್ ಜೋಡಿಸುವ ಹವ್ಯಾಸ ಈಗಷ್ಟೇ ಶುರು ಮಾಡಿದ್ದೇನೆ. ಬೆಸುಗೆಗೆ ಕರಗಿಸುವ ಲೋಹದ ತಂತಿ, ಅಂದರೆ ಸೋಲ್ಡರ್, ಉಂಡೆಗಟ್ಟಿ ಐರನ್ನಿನ ಬಿಸಿ ತುದಿಯಾದ ಬಿಟ್‌ಗೇ ಅಂಟುತ್ತದೆ, ಬೋರ್ಡಿಗೆ ಹಿಡಿಯುವುದಿಲ್ಲ. ಎಲ್ಲಕ್ಕಿಂತ ಅಗ್ಗದ್ದನ್ನು ತಂದಿದ್ದೆ, ಸುರುಳಿಯ ಮೇಲೆ ಏನೂ ಬರೆದಿಲ್ಲ. ತಪ್ಪು ನನ್ನ ಕೈಯದೋ, ಸೋಲ್ಡರಿನದೋ? ಜಾಸ್ತಿ ಖರ್ಚಿಲ್ಲದೆ ಒಳ್ಳೆಯದನ್ನು ಆರಿಸುವುದು ಹೇಗೆ?

ಉತ್ತರ: ನಿಮ್ಮ ಕೈಯನ್ನು ಬೈದುಕೊಳ್ಳುವ ಮೊದಲು ಸೋಲ್ಡರ್ ಬದಲಿಸಿ ನೋಡಿ. ಕಲಿಯುವ ದಿನಗಳಲ್ಲಿ ನಾನೊಂದು ಪುಟ್ಟ ರೇಡಿಯೊ ಜೋಡಿಸಿದ್ದೆ. ಡಬ್ಬಿ ತಟ್ಟಿದರೆ ಮಾತಾಡುತ್ತಿತ್ತು, ಕೈ ತೆಗೆದರೆ ಸುಮ್ಮನಾಗುತ್ತಿತ್ತು. ಒಂದು ವಾರ ಟ್ರಾನ್ಸಿಸ್ಟರ್ ಮೇಲೆ ಟ್ರಾನ್ಸಿಸ್ಟರ್ ಬದಲಿಸಿದೆ. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ, ಒಂದು ಕೆಪಾಸಿಟರಿನ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಸೋಲ್ಡರ್ ಕಾಲನ್ನು ಸುತ್ತಿಕೊಂಡಿತ್ತು, ಹಿಡಿದುಕೊಂಡಿರಲಿಲ್ಲ. ಡ್ರೈ ಸೋಲ್ಡರ್ ಅನ್ನುವುದು ಇದನ್ನೇ. ನನ್ನದೂ ಹೆಸರಿಲ್ಲದ ಸುರುಳಿಯೇ ಆಗಿತ್ತು. ಅದೇ ಐರನ್, ಅದೇ ಕೈ, ಸುರುಳಿ ಮಾತ್ರ ಬೇರೆ ತಂದೆ. ಬೆಸುಗೆ ಹಿಡಿಯತೊಡಗಿತು.

ಸೋಲ್ಡರಿನಲ್ಲಿ ದುಬಾರಿ ಆಗಿರುವುದು ತವರ. ಸೀಸ ಅಗ್ಗ. ಹಾಗಾಗಿ ಬೆಲೆ ಇಳಿಸಬೇಕು ಅನ್ನುವವರು ಮೊದಲು ಕೈ ಹಾಕುವುದೇ ತವರಕ್ಕೆ. 63 ಪಾಲು ತವರ, 37 ಪಾಲು ಸೀಸ ಸೇರಿದರೆ ಆ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಸಲಕ್ಕೆ ಕರಗುತ್ತದೆ, ತಣ್ಣಗಾಗುವಾಗಲೂ ಒಂದೇ ಸಲಕ್ಕೆ ಗಟ್ಟಿಯಾಗುತ್ತದೆ. 60/40 ಆದರೆ 183ರಿಂದ ಸುಮಾರು 190ರ ತನಕ ಕೆಸರಿನ ಹಾಗೆ ಇರುತ್ತದೆ, ಅದೇನೂ ತೊಂದರೆಯಲ್ಲ. ತವರ 40ಕ್ಕೆ ಇಳಿಯಿತು ಅನ್ನಿ, ಆಗ ಪೂರ್ತಿ ನೀರಾಗಲು 235 ಡಿಗ್ರಿ ದಾಟಬೇಕು. ಅಲ್ಲಿಂದ 183ಕ್ಕೆ ಇಳಿಯುವ ತನಕ ಅದು ಕೆಸರೇ. ಆ ಹೊತ್ತಿನಲ್ಲಿ ಬಿಡಿಭಾಗದ ಕಾಲು ಒಂದಿಷ್ಟು ಅಲುಗಿದರೂ ಬೆಸುಗೆ ಒಳಗೊಳಗೇ ಬಿರುಕು ಬಿಡುತ್ತದೆ. ಹೊಸಬರ ಕೈ ಅಲುಗುವುದು ಸಹಜ ಅಲ್ವಾ? ಅದಕ್ಕೇ ಹೊಸಬರಿಗೆ ನಾನು 63/37 ಅನ್ನೇ ಹೇಳುವುದು. ಸಿಗದಿದ್ದರೆ 60/40 ತನ್ನಿ. ಸುರುಳಿಯ ಮೇಲೆ ಎಸ್‌ಎನ್ ಅಂದರೆ ತವರ, ಪಿಬಿ ಅಂದರೆ ಸೀಸ. ಅಂಕಿಯೇ ಇಲ್ಲದ ಸುರುಳಿ ಬೇಡ.

ನಿಮ್ಮ ಸೋಲ್ಡರ್ ಉಂಡೆಗಟ್ಟುವುದಕ್ಕೆ ಹೆಚ್ಚಾಗಿ ಕಾರಣ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಅದರಲ್ಲಿ ಇಲ್ಲದಿರುವುದು ಅಥವಾ ಕಳಪೆಯಾಗಿರುವುದು. ಒಳ್ಳೆಯ ತಂತಿಯ ಹೊಟ್ಟೆಯೊಳಗೆ ರೋಸಿನ್, ಅಂದರೆ ಪೈನ್ ಮರದ ರಾಳ, ಸಣ್ಣ ಎಳೆಯಾಗಿ ತುಂಬಿರುತ್ತದೆ. ತಾಮ್ರದ ಮೇಲಿನ ಕಿಲುಬನ್ನು ತೆಗೆಯುವುದು ಅದೇ. ಹೀಗೆ ಪರೀಕ್ಷೆ ಮಾಡಿ: ಶುಭ್ರವಾದ ಪ್ಯಾಡನ್ನು, ಅಂದರೆ ಬೋರ್ಡಿನಲ್ಲಿ ಬೆಸುಗೆ ಕೂರುವ ತಾಮ್ರದ ಬಿಲ್ಲೆಯನ್ನು, ಐರನ್ನಿನಿಂದ ಎರಡು ಸೆಕೆಂಡ್ ಕಾಯಿಸಿ, ತಂತಿಯನ್ನು ಬಿಟ್‌ಗಲ್ಲ, ಪ್ಯಾಡಿಗೆ ತಾಗಿಸಿ. ಒಳ್ಳೆಯದಾದರೆ ತೆಳ್ಳಗೆ ಹೊಗೆ ಎದ್ದು, ಕಲಾಯಿ ಹಿಡಿದ ಹಾಗೆ ಅಂಚಿನ ತನಕ ಹರಡುತ್ತದೆ. ಮಣಿಯಂತೆ ದುಂಡಗೆ ಕೂತರೆ ಆ ಸುರುಳಿಯನ್ನು ಬದಿಗಿಡಿ. ಐರನ್ 320ರಿಂದ 350 ಡಿಗ್ರಿ ಇದ್ದರೆ ಸಾಕು.

ಇನ್ನು ಉಳಿತಾಯ. ದರ್ಜೆಯಲ್ಲಿ ಉಳಿಸಬೇಡಿ, ತೂಕದಲ್ಲಿ ಉಳಿಸಿ. 0.8 ಮಿ.ಮೀ. ದಪ್ಪದ ತಂತಿ 50 ಗ್ರಾಂ ತಂದರೆ ಸುಮಾರು 12 ಮೀಟರ್ ಬರುತ್ತದೆ. ಒಂದು ಕಾಲಿಗೆ ಅರ್ಧ ಸೆಂಟಿಮೀಟರ್ ಹಿಡಿದರೂ 2,000ಕ್ಕೂ ಜಾಸ್ತಿ ಬೆಸುಗೆ! ವಾರಕ್ಕೊಂದು ಸಣ್ಣ ಕಿಟ್ ಮಾಡುವವರಿಗೆ ತಿಂಗಳುಗಟ್ಟಲೆ ಸಾಕು. ದೊಡ್ಡ ಸುರುಳಿ ಗ್ರಾಂ ಲೆಕ್ಕದಲ್ಲಿ ಅಗ್ಗ ಅನ್ನಿಸಬಹುದು, ಆದರೆ ಕೆಟ್ಟ ಮಾಲಾದರೆ ಅಷ್ಟೂ ದಂಡ. ದಪ್ಪದ ವಿಷಯದಲ್ಲಿ 0.8 ಎಲ್ಲಕ್ಕೂ ನಡೆಯುತ್ತದೆ. ಬೋರ್ಡಿನ ಮೇಲ್ಮೈಗೇ ಕೂರುವ ಪುಟ್ಟ ಸರ್ಫೇಸ್ ಮೌಂಟ್ ಭಾಗಗಳಿಗೆ 0.5 ಮಿ.ಮೀ. ಹಿತ.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ಬೆಸುಗೆ ಹಾಕುವುದನ್ನು ಕಲಿಯುತ್ತೇನೆ ಅನ್ನುತ್ತಾಳೆ. ಸೀಸದ ಹೊಗೆ ಅಂತ ಭಯ. ಬೇಡ ಅನ್ನಲೇ?

ಉತ್ತರ: ದಯವಿಟ್ಟು ಬೇಡ ಅನ್ನಬೇಡಿ ಅಮ್ಮ, ಸೋಲ್ಡರ್ ಬದಲಿಸಿ. ನೀವು ನೋಡುವ ಹೊಗೆ ರಾಳದ್ದು. ಐರನ್ನಿನ ಶಾಖಕ್ಕೆ ಸೀಸ ಆವಿಯಾಗಿ ಏಳುವುದಿಲ್ಲ. ಆದರೂ ರಾಳದ ಹೊಗೆಯೂ ಒಳ್ಳೆಯದಲ್ಲ, ಪದೇಪದೇ ಕುಡಿದರೆ ಆಸ್ತಮಾ ಬರಬಹುದು. ಕಿಟಕಿ ತೆಗೆದಿಡಿ. ಚಿಕ್ಕ ಫ್ಯಾನ್ ಹೊಗೆಯನ್ನು ಮುಖದಿಂದ ಆಚೆಗೆ ಎಳೆಯುವ ಹಾಗೆ ಇರಲಿ.

ಸೀಸ ಒಳಗೆ ಹೋಗುವುದು ಬೆರಳಿನಿಂದ ಬಾಯಿಗೆ. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಮಕ್ಕಳಿಗೆ ಗೊತ್ತಾಗಿಲ್ಲ. ಹಾಗಾಗಿ ಮಗು ಕೂರುವ ಮೇಜಿನಲ್ಲಿ ಸೀಸವಿಲ್ಲದ ಸೋಲ್ಡರೇ ಇರಲಿ. ಇದರಲ್ಲೂ ದುಬಾರಿಯದು ಬೇಕಿಲ್ಲ. ನೂರಕ್ಕೆ 3 ಪಾಲು ಬೆಳ್ಳಿ ಇರುವ ಎಸ್‌ಎಸಿ305 ಬದಲು 99.3 ತವರ, 0.7 ತಾಮ್ರದ್ದನ್ನು ತನ್ನಿ. ಅದು 227 ಡಿಗ್ರಿಗೆ ಕರಗುತ್ತದೆ, ಐರನ್ 350ರಿಂದ 370 ಇರಲಿ. ಬೆಸುಗೆ ಸ್ವಲ್ಪ ಮಂಕಾಗಿ ಕಾಣುತ್ತದೆ, ಅದು ಅದರ ಗುಣ. ತಾನು ತಪ್ಪು ಮಾಡಿದೆ ಅಂತ ಮಗಳು ಮತ್ತೆ ಮತ್ತೆ ಕಾಯಿಸಿ ಪ್ಯಾಡ್ ಕಿತ್ತುಕೊಳ್ಳದಂತೆ ಮೊದಲೇ ಹೇಳಿಡಿ. ಬಿಸಿ ಬಿಟ್ ತಾಗದಂತೆ ಪಕ್ಕದಲ್ಲಿ ನೀವೇ ಕೂರಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಇಬ್ಬರಿಗೂ ಕಡ್ಡಾಯ.

ಪ್ರಶ್ನೆ: ಪೈಪಿನ ಕೆಲಸದ ಫ್ಲಕ್ಸ್ ಮನೆಯಲ್ಲಿ ಉಳಿದಿದೆ. ಬೋರ್ಡಿಗೆ ಹಚ್ಚಬಹುದಾ?

ಉತ್ತರ: ಬೇಡವೇ ಬೇಡ. ಅದರಲ್ಲಿ ಆಮ್ಲದ ಅಂಶ ಇರುತ್ತದೆ, ತೆಳು ತಾಮ್ರದ ಗೆರೆಗಳನ್ನು ನಿಧಾನವಾಗಿ ತಿಂದುಹಾಕುತ್ತದೆ. ಈಗಾಗಲೇ ಹಚ್ಚಿದ್ದರೆ ಬ್ಯಾಟರಿ ತೆಗೆದು, ಬೆಚ್ಚಗಿನ ನೀರಿನಲ್ಲಿ ಹಳೆಯ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಪೂರ್ತಿ ಒಣಗಿಸಿದ ಮೇಲೆಯೇ ಆನ್ ಮಾಡಿ. ಫ್ಲಕ್ಸ್ ವೈರಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಳಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಆ ವೈರನ್ನೇ ಕತ್ತರಿಸಿ ಹೊಸದು ಹಾಕಿ.